5 ನಿಮಿಷದ ಔಷಧಿ, 40 ನಿಮಿಷದ ಔಷಧಿ

1980ರ ದಶಕದ ನಡುವಿನಲ್ಲಿ ನಾನು ಬೆಳಗಾವಿ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಗೆ ಹೆರಿಗೆ ವೈದ್ಯೆಯಾಗಿ ಹೋದೆ. ಬಾಣಂತಿಯ ರಕ್ತಸ್ರಾವ ತಡೆಯಲು ಆಗ ನಮ್ಮ ಕೈಯಲ್ಲಿದ್ದ ಸೂಜಿಮದ್ದುಗಳು ಎರಡೇ. ಒಂದು ಆಕ್ಸಿಟೋಸಿನ್, ಸಿಸ್ಟರ್‌ಗಳ ಬಾಯಲ್ಲಿ ಪಿಟೋಸಿನ್. ಇನ್ನೊಂದು ಮೆಥರ್ಜಿನ್. ಮೆಥರ್ಜಿನ್ ರಕ್ತದೊತ್ತಡ ಏರಿಸುತ್ತದೆ. ಬಸುರಿನಲ್ಲಿ ಬಿ.ಪಿ. ಏರಿ ಕೈಕಾಲು ಬಾತು ಬಂದವರಿಗೆ ಅದನ್ನು ಕೊಡುವಂತಿಲ್ಲ, ಅಂಥವರು ಬರುವುದೇನೂ ಅಪರೂಪವಾಗಿರಲಿಲ್ಲ. ಹೀಗಾಗಿ ಎಷ್ಟೋ ಸಲ ಉಳಿಯುತ್ತಿದ್ದುದು ಆಕ್ಸಿಟೋಸಿನ್ ಒಂದೇ. ಅದು ಒಳ್ಳೆಯ ಔಷಧಿ, ಇಂದಿಗೂ ಒಳ್ಳೆಯದೇ. ಆದರೆ ರಕ್ತಕ್ಕೆ ಸೇರಿದ 3ರಿಂದ 5 ನಿಮಿಷದೊಳಗೆ ಅದರ ಅರ್ಧ ಪಾಲು ಇಲ್ಲವಾಗುತ್ತದೆ. ಮುಂದಿನ 5 ನಿಮಿಷದಲ್ಲಿ ಉಳಿದುದರ ಅರ್ಧ. ನಮ್ಮ ಕೆಲಸವೆಲ್ಲ ಆ ಲೆಕ್ಕಕ್ಕೆ ಕಟ್ಟುಬಿದ್ದಿತ್ತು.

ಈಗ ಅದೇ ಆಕ್ಸಿಟೋಸಿನ್ ಅಣುವಿನಲ್ಲಿ ಮೂರು ಕಡೆ ಬದಲಾವಣೆ ಮಾಡಿ ತಯಾರಿಸಿದ ಕಾರ್ಬೆಟೋಸಿನ್ ಇದೆ. ಅದರ ಅರ್ಧಾಯು ಸುಮಾರು 40 ನಿಮಿಷ. ಒಂದು ಸಲ ಸ್ನಾಯುವಿಗೆ ಚುಚ್ಚಿದರೆ ಎರಡು ಗಂಟೆಯ ಹೊತ್ತು ಗರ್ಭಕೋಶವನ್ನು ಬಿಗಿಯಾಗಿ ಹಿಡಿದಿಡುತ್ತದೆ. ಇಂದು ಕಲಿತು ಬರುವ ವೈದ್ಯರಿಗೆ ಇದು ಪರೀಕ್ಷೆಗೆ ಓದಿದ ಒಂದು ಸಾಲು. ದೇಹ ಔಷಧಿಯನ್ನು ಎಷ್ಟು ಬೇಗ ತೆಗೆದುಹಾಕುತ್ತದೆ ಎಂಬ ಅಂಕಿಯೇ, ರಾತ್ರಿ ಪಾಳಿಯಲ್ಲಿ ಯಾರು ಯಾರ ಮಗ್ಗುಲಲ್ಲಿ ನಿಲ್ಲಬೇಕೆಂದು ತೀರ್ಮಾನಿಸುತ್ತಿದ್ದ ಕಾಲವನ್ನು ಕಂಡವಳು ನಾನು. ಆ ಕಾಲಕ್ಕೂ ಈ ಕಾಲಕ್ಕೂ ನಡುವೆ ನಿಜವಾಗಿ ಬದಲಾದದ್ದೇನು, ಬದಲಾಗದೆ ಉಳಿದದ್ದೇನು ಎಂಬುದನ್ನು ಬರೆದಿಡಬೇಕು.

ಆಗಿನ ಹೆರಿಗೆ ಕೋಣೆಯಲ್ಲಿ ಎರಡು ಕಬ್ಬಿಣದ ಮಂಚ, ಒಂದು ಸ್ಟೆರಿಲೈಜರ್, ಅದರಲ್ಲಿ ಕುದಿಸಿ ತೆಗೆದ ಗಾಜಿನ ಸಿರಿಂಜುಗಳು, ಗಾಜಿನ ಸಲೈನ್ ಬಾಟಲಿಗಳು. ರಾತ್ರಿ ಪಾಳಿಗೆ ಒಬ್ಬರೇ ಸಿಸ್ಟರ್. ಹೆರಿಗೆ ಕೋಣೆಯೂ ಅವರದೇ, ಪಕ್ಕದ ವಾರ್ಡೂ ಅವರದೇ. ಕರೆಂಟು ಹೋದರೆ ಕಂದೀಲು, ಇಲ್ಲವೆ ಬಂದ ಮಂದಿಯ ಕೈಯಲ್ಲಿದ್ದ ಬ್ಯಾಟರಿ.

ದಿನ ತುಂಬಿದ ಬಸುರಿಯ ಗರ್ಭಕೋಶಕ್ಕೆ ಒಂದು ನಿಮಿಷಕ್ಕೆ 500ರಿಂದ 700 ಮಿಲಿಲೀಟರ್ ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ ಮಾಸು ಕಳಚಿದ ಕೂಡಲೇ ಆ ಜಾಗದ ರಕ್ತನಾಳಗಳೆಲ್ಲ ಬಾಯಿ ತೆರೆದುಕೊಳ್ಳುತ್ತವೆ. ಅವನ್ನು ಮುಚ್ಚುವುದು ಗರ್ಭಕೋಶದ ಸ್ನಾಯುವೇ. ಅದರ ಎಳೆಗಳು ಅಡ್ಡಡ್ಡ ಹೆಣೆದುಕೊಂಡು ರಕ್ತನಾಳಗಳ ಸುತ್ತ ಹಾದಿರುತ್ತವೆ. ಎಳೆಗಳು ಕುಗ್ಗಿದರೆ ನಾಳಗಳು ಹಿಸುಕಿಕೊಂಡು ರಕ್ತ ನಿಲ್ಲುತ್ತದೆ. ಕುಗ್ಗದೆ ಮೆತ್ತಗೆ ಉಳಿದರೆ ಆರೋಗ್ಯವಾಗಿದ್ದ ಹೆಣ್ಣುಮಗಳು ಒಂದೆರಡು ಗಂಟೆಯಲ್ಲಿ ಹೋಗಿಬಿಡುತ್ತಾಳೆ. ರಕ್ತಹೀನತೆ ಮೊದಲೇ ಇದ್ದರೆ ಅಷ್ಟು ಹೊತ್ತೂ ಬೇಕಿಲ್ಲ. ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ರಕ್ತಹೀನತೆ ಇಲ್ಲದವರೇ ಕಡಿಮೆ.

ಆಕ್ಸಿಟೋಸಿನ್ ಮಾಡುವ ಕೆಲಸ ಆ ಸ್ನಾಯುವನ್ನು ಕುಗ್ಗಿಸುವುದು. ರಕ್ತನಾಳಕ್ಕೆ ಸೇರಿದ ಒಂದೇ ನಿಮಿಷದಲ್ಲಿ ಹೊಟ್ಟೆಯ ಮೇಲಿಟ್ಟ ಕೈಗೆ ಗರ್ಭಕೋಶ ಗಟ್ಟಿಯಾಗುವುದು ತಿಳಿಯುತ್ತದೆ. ಡ್ರಿಪ್ ನಿಂತರೆ ಸ್ವಲ್ಪ ಹೊತ್ತಿಗೆಲ್ಲ ಅದೇ ಕೈಗೆ ಅದು ಮತ್ತೆ ಮೆತ್ತಗಾಗುವುದೂ ತಿಳಿಯುತ್ತದೆ. ಆದ್ದರಿಂದ ಡ್ರಿಪ್ ಹರಿಯುತ್ತಲೇ ಇರಬೇಕು, ಒಂದು ಕೈ ಹೊಟ್ಟೆಯ ಮೇಲೆ ಇರಲೇಬೇಕು, ಒಂದು ಕಣ್ಣು ಹನಿಯ ಮೇಲೆ. ಸ್ನಾಯುವಿಗೆ ಚುಚ್ಚಿದರೆ ಔಷಧಿ ಅಲ್ಲಿಂದ ನಿಧಾನಕ್ಕೆ ರಕ್ತಕ್ಕೆ ಇಳಿಯುವುದರಿಂದ ಅದರ ಪ್ರಭಾವ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಎಳೆಯುತ್ತದೆ. ಅದಾದ ಮೇಲೆ ಮತ್ತೆ ಡ್ರಿಪ್ಪೇ. ಗಂಟೆಗಟ್ಟಲೆ ಡ್ರಿಪ್ ಓಡಿಸಿದರೆ ಬೇರೆ ತೊಂದರೆ. ಮೂತ್ರವನ್ನು ಹಿಡಿದಿಡುವ ವ್ಯಾಸೋಪ್ರೆಸಿನ್ ಹಾರ್ಮೋನಿಗೆ ಆಕ್ಸಿಟೋಸಿನ್ ಹತ್ತಿರದ ಸಂಬಂಧಿ. ಹೆಚ್ಚು ಪ್ರಮಾಣದಲ್ಲಿ, ಬರೀ ಡೆಕ್ಸ್‌ಟ್ರೋಸ್ ನೀರಿನಲ್ಲಿ ಬಹಳ ಹೊತ್ತು ಕೊಟ್ಟರೆ ಮೈಯಲ್ಲಿ ನೀರು ನಿಂತು ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಔಷಧಿ ಬೇಗ ಕರಗುತ್ತದೆಂದು ಹೆಚ್ಚು ಹೊತ್ತು ಕೊಡಬೇಕು, ಹೆಚ್ಚು ಹೊತ್ತು ಕೊಟ್ಟರೆ ಮತ್ತೊಂದನ್ನು ಕಾಯಬೇಕು.

ಸಿಸ್ಟರ್ ಒಬ್ಬರೇ ಇರುವ ರಾತ್ರಿಯಲ್ಲಿ ಇದರ ಅರ್ಥ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಒಬ್ಬಳ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿರುವಾಗ ಪಕ್ಕದ ಮಂಚದವಳಿಗೆ ಮಗುವಿನ ತಲೆ ಕಾಣಿಸುತ್ತದೆ. ಹಳ್ಳಿಯಲ್ಲಿ ಹೆರಿಗೆಯಾಗಿ, ರಕ್ತ ನಿಲ್ಲದೆ, ಟ್ರ್ಯಾಕ್ಟರಿನಲ್ಲೋ ಟೆಂಪೋದಲ್ಲೋ ಹಾಕಿಕೊಂಡು ತಂದವರು ಬಾಗಿಲಲ್ಲಿ ನಿಂತಿರುತ್ತಾರೆ. "ರಕ್ತ ಹೋಗಾಕತ್ತೈತ್ರೀ ಬಾಯಾರ, ಎರಡ ತಾಸಾತು" ಎಂಬ ಮಾತು ಕೇಳಿಸಿದೊಡನೆ ನಾವು ಮೊದಲು ನೋಡುತ್ತಿದ್ದುದು ಆಕೆಯ ಕಣ್ಣಿನ ಕೆಳರೆಪ್ಪೆಯನ್ನು, ಆಮೇಲೆ ನಾಡಿಯನ್ನು. ರಕ್ತನಿಧಿ ಇದ್ದುದು ಜಿಲ್ಲಾ ಕೇಂದ್ರದಲ್ಲಿ. ಕೆಲವರು ಉಳಿದರು, ಕೆಲವರು ಉಳಿಯಲಿಲ್ಲ. ಉಳಿಯದವರಲ್ಲಿ ಹೆಚ್ಚಿನವರಿಗೆ ಬೇಕಾಗಿದ್ದುದು ದೊಡ್ಡ ಶಸ್ತ್ರಚಿಕಿತ್ಸೆಯಲ್ಲ, ಗರ್ಭಕೋಶ ಬಿಗಿಯಾಗಿ ಉಳಿಯುವ ಒಂದೆರಡು ಗಂಟೆ.

ಆಕ್ಸಿಟೋಸಿನ್ ಇಷ್ಟು ಬೇಗ ಏಕೆ ಹೋಗುತ್ತದೆ ಎಂದು ಸಿಸ್ಟರ್‌ಗಳಿಗೆ ಪಾಠ ಹೇಳಬೇಕಾದಾಗ ನಾನು ಕಪ್ಪುಹಲಗೆಯ ಮೇಲೆ ಅದರ ಚಿತ್ರ ಬರೆಯುತ್ತಿದ್ದೆ. ಅದು ಕೇವಲ 9 ಅಮೈನೋ ಆಮ್ಲಗಳ ಪೆಪ್ಟೈಡ್. ಮೊದಲನೆಯದೂ ಆರನೆಯದೂ ಸಿಸ್ಟೀನ್. ಅವೆರಡರ ಗಂಧಕದ ಪರಮಾಣುಗಳು ಒಂದಕ್ಕೊಂದು ಕೂಡಿಕೊಂಡು ಆರು ಅಮೈನೋ ಆಮ್ಲಗಳ ಒಂದು ಉಂಗುರವಾಗುತ್ತದೆ. ಉಳಿದ ಮೂರು ಬಾಲದಂತೆ ಹೊರಗೆ ಚಾಚಿಕೊಂಡಿರುತ್ತವೆ. ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ವಿನ್ಸೆಂಟ್ ಡು ವಿನ್ಯೋ 1953ರಲ್ಲಿ ಈ ರಚನೆಯನ್ನು ಬಿಡಿಸಿ, ಪ್ರಯೋಗಾಲಯದಲ್ಲೇ ಅದನ್ನು ಕಟ್ಟಿ ತೋರಿಸಿದರು. ಕೃತಕವಾಗಿ ತಯಾರಾದ ಮೊದಲ ಪೆಪ್ಟೈಡ್ ಹಾರ್ಮೋನು ಅದು. 1955ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಬಂತು. ಅದಕ್ಕೆ ಮುಂಚೆ ಹೆರಿಗೆಗೆ ಬಳಸುತ್ತಿದ್ದುದು ದನಗಳ ಪಿಟ್ಯೂಟರಿ ಗ್ರಂಥಿಯಿಂದ ತೆಗೆದ ಸಾರ. ಆ ಗ್ರಂಥಿಯ ಸಾರ ಗರ್ಭಕೋಶವನ್ನು ಕುಗ್ಗಿಸುತ್ತದೆ ಎಂಬುದನ್ನು 1906ರಲ್ಲೇ ಹೆನ್ರಿ ಡೇಲ್ ಕಂಡಿದ್ದರು. ಹಳೆಯ ಸಾರದಲ್ಲಿ ಶುದ್ಧತೆಯೂ ಇರಲಿಲ್ಲ, ಅಳತೆಯೂ ನೆಚ್ಚುವಂತಿರಲಿಲ್ಲ. ಡು ವಿನ್ಯೋ ಅವರಿಂದಾಗಿ ನಮಗೆ ಸಿಕ್ಕ ಆಂಪ್ಯೂಲಿನಲ್ಲಿ ಎರಡೂ ಇದ್ದವು. ಆದರೆ ಆಯಸ್ಸು ಮಾತ್ರ ನಿಸರ್ಗ ಕೊಟ್ಟಷ್ಟೇ.

ನಿಸರ್ಗ ಕೊಟ್ಟ ಆಯಸ್ಸು ಕಡಿಮೆ ಇರಲು ಕಾರಣವಿದೆ. ಹಾರ್ಮೋನು ಒಂದು ಆಜ್ಞೆ. ಆಜ್ಞೆ ಕೊಟ್ಟ ಮೇಲೆ ಅದನ್ನು ಹಿಂತೆಗೆಯುವ ದಾರಿಯೂ ದೇಹಕ್ಕೆ ಬೇಕು. ಯಕೃತ್ತು ಮತ್ತು ಮೂತ್ರಪಿಂಡಗಳು ಆಕ್ಸಿಟೋಸಿನ್ ಅನ್ನು ಬಹುಬೇಗ ಒಡೆದುಹಾಕುತ್ತವೆ. ಬದಲಾಗದ ರೂಪದಲ್ಲಿ ಮೂತ್ರಕ್ಕೆ ಇಳಿಯುವುದು ಬಹಳ ಕಡಿಮೆ. ಇದರ ಜೊತೆಗೆ ಬಸುರಿಯ ರಕ್ತದಲ್ಲಿ ಆಕ್ಸಿಟೋಸಿನೇಸ್ ಎಂಬ ಕಿಣ್ವ ಇರುತ್ತದೆ. ಮಾಸು ತಯಾರಿಸುವ ಈ ಕಿಣ್ವ ತಿಂಗಳು ತುಂಬುತ್ತ ಬಂದಂತೆ ಹೆಚ್ಚುತ್ತದೆ. ಅದು ಹಿಡಿಯುವುದು ಪೆಪ್ಟೈಡಿನ ಒಂದೇ ತುದಿಯನ್ನು, ಬಿಡಿಯಾಗಿ ನಿಂತ ಅಮೈನೋ ಗುಂಪಿರುವ ಮೊದಲ ಸಿಸ್ಟೀನನ್ನು. ಅಕ್ಕಿ ಚೀಲದ ಬಾಯಿಯ ಹೊಲಿಗೆ ಹೇಗೆಂದು ಎಲ್ಲರಿಗೂ ಗೊತ್ತು: ಸರಿಯಾದ ತುದಿ ಸಿಕ್ಕರೆ ಒಂದೇ ಎಳೆತಕ್ಕೆ ಪೂರ್ತಿ ಬಿಚ್ಚುತ್ತದೆ, ತಪ್ಪು ತುದಿ ಎಳೆದರೆ ಇನ್ನೂ ಬಿಗಿಯುತ್ತದೆ. ಕಿಣ್ವಕ್ಕೆ ಆ ಸರಿಯಾದ ತುದಿ ಗೊತ್ತು. ಮೊದಲನೆಯ ಮತ್ತು ಎರಡನೆಯ ಅಮೈನೋ ಆಮ್ಲದ ನಡುವೆ ಅದು ಕತ್ತರಿಸಿದೊಡನೆ ಉಂಗುರ ತೆರೆದುಕೊಂಡು ಔಷಧಿ ನಿಷ್ಪ್ರಯೋಜಕವಾಗುತ್ತದೆ.

ಈ ಕಡಿಮೆ ಆಯಸ್ಸು ಎಲ್ಲ ಸಂದರ್ಭದಲ್ಲೂ ನಮಗೆ ಶತ್ರುವಾಗಿರಲಿಲ್ಲ. ಹೆರಿಗೆಗೆ ಮುಂಚೆ ಅದೇ ನಮ್ಮ ರಕ್ಷಣೆ. ನೋವು ಸರಿಯಾಗಿ ಬರದಿದ್ದಾಗ 500 ಮಿಲಿಲೀಟರ್ ನೀರಿನಲ್ಲಿ ಸ್ವಲ್ಪವೇ ಆಕ್ಸಿಟೋಸಿನ್ ಬೆರೆಸಿ ಹನಿ ಎಣಿಸಿ ಬಿಡುತ್ತಿದ್ದೆವು. ಗರ್ಭಕೋಶ ಅತಿಯಾಗಿ ಕುಗ್ಗತೊಡಗಿ ಎರಡು ನೋವುಗಳ ನಡುವೆ ಬಿಡುವೇ ಇಲ್ಲದಂತಾದರೆ ಮಗುವಿಗೆ ಆಮ್ಲಜನಕ ಕಡಿಮೆಯಾಗಿ ಎದೆಬಡಿತ ಇಳಿಯುತ್ತದೆ. ಆಗ ಡ್ರಿಪ್ಪಿನ ಕ್ಲಾಂಪ್ ಮುಚ್ಚಿ, ತಾಯಿಯನ್ನು ಎಡಮಗ್ಗುಲಿಗೆ ಹೊರಳಿಸಿದರೆ ಕೆಲವೇ ನಿಮಿಷಗಳಲ್ಲಿ ಗರ್ಭಕೋಶ ಸಡಿಲಗೊಂಡು ಎದೆಬಡಿತ ಮೇಲೇರುತ್ತಿತ್ತು. ಔಷಧಿ ಬೇಗ ಕರಗದಿದ್ದರೆ ಆ ಮಗು ಬದುಕುವುದಿಲ್ಲ. ಹೆರಿಗೆಗೆ ಮುಂಚೆ ಕೊಡುವ ಔಷಧಿಗೆ ನಿಲ್ಲಿಸುವ ದಾರಿ ಇರಲೇಬೇಕು.

ಆ ದಾರಿಯನ್ನು ಮುಚ್ಚಿ ಔಷಧಿ ಕೊಡುತ್ತಿದ್ದವರೂ ಇದ್ದರು. ಹಳ್ಳಿಗಳಲ್ಲಿ ಪದವಿಯಿಲ್ಲದೆ ವೈದ್ಯ ಮಾಡುವವರು ಹೆರಿಗೆ ಬೇಗ ಆಗಲೆಂದು ಆಕ್ಸಿಟೋಸಿನ್ ಅನ್ನು ನೇರ ಸ್ನಾಯುವಿಗೆ ಚುಚ್ಚುತ್ತಿದ್ದರು. "ನೋವಿನ ಸೂಜಿ ಹಾಕ್ಸೀವ್ರಿ" ಎನ್ನುತ್ತ ಮನೆಯವರು ಕರೆತರುತ್ತಿದ್ದರು. ಸ್ನಾಯುವಿನೊಳಗೆ ಸೇರಿದ ಔಷಧಿಗೆ ಕ್ಲಾಂಪ್ ಇಲ್ಲ. ಮಗು ಅಡ್ಡವಾಗಿದ್ದರೂ, ಕಟಿ ಇಕ್ಕಟ್ಟಾಗಿದ್ದರೂ, ಹಿಂದಿನ ಹೆರಿಗೆಯಲ್ಲಿ ಸಿಜೇರಿಯನ್ ಆಗಿದ್ದರೂ ಗರ್ಭಕೋಶ ಕುಗ್ಗುತ್ತಲೇ ಇರುತ್ತದೆ. ಕೊನೆಗೆ ಹರಿಯುತ್ತದೆ. ಹಾಗೆ ಹರಿದ ಗರ್ಭಕೋಶಗಳನ್ನು ನಾವು ಹೊಲಿದಿದ್ದೇವೆ, ಹೊಲಿಯಲಾಗದಾಗ ತೆಗೆದಿದ್ದೇವೆ. ಅದೇ ಅಣು, ಅದೇ ಪ್ರಮಾಣ. ಕೊಟ್ಟ ದಾರಿ ಬದಲಾದಾಗ ದೇಹದೊಳಗೆ ಅದು ಉಳಿಯುವ ಹೊತ್ತು ಬದಲಾಯಿತು, ಪರಿಣಾಮವೂ ಬೇರೆಯಾಯಿತು.

ಆಂಪ್ಯೂಲಿನೊಳಗೂ ಆಕ್ಸಿಟೋಸಿನ್ ಒಡೆಯುತ್ತದೆ. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಬಿಸಿಗೆ ಅದರ ಉಂಗುರದ ಗಂಧಕದ ಬಂಧ ಬದಲಾಗುತ್ತದೆ, ಅಣುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಅಮೈಡ್ ಗುಂಪುಗಳು ಕಳಚುತ್ತವೆ. ನೋಡಿದರೆ ದ್ರವ ಮೊದಲಿನ ಹಾಗೆಯೇ ತಿಳಿಯಾಗಿರುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿಯ ಹತ್ತಿರ ಬಿಸಿಲು. ಕರೆಂಟು ದಿನದಲ್ಲಿ ಗಂಟೆಗಟ್ಟಲೆ ಇರುತ್ತಿರಲಿಲ್ಲ. ಉಪಕೇಂದ್ರಗಳಿಗೆ ಆಂಪ್ಯೂಲುಗಳು ಬಸ್ಸಿನಲ್ಲಿ, ಚೀಲದಲ್ಲಿ ಹೋಗುತ್ತಿದ್ದವು. ಲಸಿಕೆಗಳಿಗೆ ಐಸ್‌ಲೈನ್ಡ್ ರೆಫ್ರಿಜರೇಟರ್ ಬಂದ ಮೇಲೂ ಎಷ್ಟೋ ಕಡೆ ಅದರಲ್ಲಿ ಲಸಿಕೆಯ ಹೊರತು ಬೇರೇನೂ ಇಡಬಾರದೆಂಬ ನಿಯಮವೇ ಆಕ್ಸಿಟೋಸಿನ್‌ಗೆ ಅಡ್ಡಿಯಾಯಿತು. ಔಷಧಿ ಕೊಟ್ಟರೂ ಗರ್ಭಕೋಶ ಗಟ್ಟಿಯಾಗದಿದ್ದಾಗ ಎರಡು ಅನುಮಾನಗಳು ಒಟ್ಟಿಗೆ ಬರುತ್ತಿದ್ದವು: ಸ್ನಾಯುವೇ ದಣಿದಿದೆಯೋ, ಆಂಪ್ಯೂಲೇ ಸತ್ತಿದೆಯೋ. ಪರೀಕ್ಷಿಸಿ ನೋಡುವ ವ್ಯವಸ್ಥೆ ಇರಲಿಲ್ಲ. ಇನ್ನೊಂದು ಆಂಪ್ಯೂಲು ಒಡೆಯುತ್ತಿದ್ದೆವು.

ಈ ಔಷಧಿಯ ಸುತ್ತ ಕರ್ನಾಟಕಕ್ಕೆ ನೇರವಾಗಿ ಸೇರಿದ ಒಂದು ಪ್ರಸಂಗವೂ ನಡೆಯಿತು. ಎಮ್ಮೆ, ಆಕಳು ಹಾಲು ಸೊರೆಯಲೆಂದು ಆಕ್ಸಿಟೋಸಿನ್ ಚುಚ್ಚುವ ದುರಭ್ಯಾಸ ದೇಶದಲ್ಲಿ ಬೆಳೆದಿತ್ತು. ಅದನ್ನು ತಡೆಯಲು ಕೇಂದ್ರ ಸರ್ಕಾರ 2018ರಲ್ಲಿ ಖಾಸಗಿ ಕಂಪನಿಗಳು ದೇಶದ ಬಳಕೆಗೆ ಆಕ್ಸಿಟೋಸಿನ್ ತಯಾರಿಸುವುದನ್ನು ನಿಷೇಧಿಸಿ, ಬೆಂಗಳೂರಿನ ಸಾರ್ವಜನಿಕ ಉದ್ದಿಮೆ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಒಂದಕ್ಕೇ ಆ ಹೊಣೆ ವಹಿಸಿತು. ಇಡೀ ದೇಶದ ಬಾಣಂತಿಯರ ಜೀವರಕ್ಷಕ ಔಷಧಿ ಒಂದೇ ಕಾರ್ಖಾನೆಯ ಮೇಲೆ ನಿಲ್ಲಬೇಕೆಂಬುದು ಹೆರಿಗೆ ವೈದ್ಯರನ್ನು ಕಂಗೆಡಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಹಾಲು ಕುಡಿದವರ ಮೈಗೆ ಹಾರ್ಮೋನು ಸೇರುತ್ತದೆಂಬ ಭಯವೂ ಆಗ ಹಬ್ಬಿತ್ತು. ಆಕ್ಸಿಟೋಸಿನ್ ಬಾಯಿಯಿಂದ ಕೆಲಸ ಮಾಡುವುದಿಲ್ಲ, ಕರುಳಿನ ಕಿಣ್ವಗಳು ಅದನ್ನು ತುಂಡರಿಸುತ್ತವೆ. ನಿಜವಾದ ಹಿಂಸೆ ಅನುಭವಿಸಿದ್ದು ದನಗಳು.

ಬೆಳಗಾವಿಯ ಕೆಎಲ್ಇ ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು 2002ರಿಂದ 2005ರವರೆಗೆ ನಮ್ಮ ಜಿಲ್ಲೆಯ ಹಳ್ಳಿಗಳಲ್ಲೇ ನಡೆಸಿದ ಒಂದು ಅಧ್ಯಯನ ನನ್ನ ಯೋಚನೆಯನ್ನು ಬದಲಿಸಿತು. ಮನೆಯಲ್ಲೋ ಉಪಕೇಂದ್ರದಲ್ಲೋ ಸಹಾಯಕ ಶುಶ್ರೂಷಕಿಯರು ಹೆರಿಗೆ ಮಾಡಿಸಿದ 1620 ಹೆಂಗಸರಲ್ಲಿ ಕೆಲವರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ, ಕೆಲವರಿಗೆ ಔಷಧಿಯಿಲ್ಲದ ಹುಸಿ ಮಾತ್ರೆ ಕೊಟ್ಟರು. ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದವರ ಪ್ರಮಾಣ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಆ ಅಧ್ಯಯನಕ್ಕೆಂದೇ ಅಳತೆಯ ಗೆರೆಗಳಿದ್ದ ಒಂದು ಪ್ಲಾಸ್ಟಿಕ್ ಹೊದಿಕೆಯನ್ನು ರೂಪಿಸಿದ್ದರು. ಬಾಣಂತಿಯ ಸೊಂಟದ ಕೆಳಗೆ ಹಾಸಿದರೆ ರಕ್ತವೆಲ್ಲ ಅದರ ಚೀಲಕ್ಕೆ ಇಳಿದು ಎಷ್ಟು ಹೋಯಿತೆಂದು ಕಣ್ಣಿಗೆ ಕಾಣುತ್ತದೆ. ಅದುವರೆಗೆ ನಾವೆಲ್ಲ ಅಂದಾಜಿನ ಮೇಲೆ ನಡೆದವರು, ಅಂದಾಜು ಯಾವಾಗಲೂ ನಿಜಕ್ಕಿಂತ ಕಡಿಮೆ.

ಮಿಸೊಪ್ರೊಸ್ಟಾಲ್ ಪೆಪ್ಟೈಡ್ ಅಲ್ಲ. ಆದರೆ ಅದರ ಹುಟ್ಟಿನ ಹಿಂದೆಯೂ ಇದೇ ತರ್ಕವಿದೆ. ದೇಹದಲ್ಲಿರುವ ಪ್ರೋಸ್ಟಗ್ಲಾಂಡಿನ್ ರಕ್ತದಲ್ಲಿ ಕ್ಷಣಮಾತ್ರದಲ್ಲಿ ನಾಶವಾಗುತ್ತದೆ. ಕಿಣ್ವ ದಾಳಿ ಮಾಡುವ ಜಾಗದಿಂದ ಒಂದು ಹೈಡ್ರಾಕ್ಸಿಲ್ ಗುಂಪನ್ನು ಪಕ್ಕದ ಇಂಗಾಲಕ್ಕೆ ಸರಿಸಿ, ಅಲ್ಲೊಂದು ಮೀಥೈಲ್ ಗುಂಪನ್ನು ಕೂರಿಸಿದಾಗ ಬಾಯಿಯಿಂದ ಕೊಟ್ಟರೂ ಕೆಲಸ ಮಾಡುವ ಮಾತ್ರೆ ಆಯಿತು. ಚಳಿಜ್ವರ, ಭೇದಿ ತರುತ್ತದೆ, ರಕ್ತ ತಡೆಯುವುದರಲ್ಲಿ ಒಳ್ಳೆಯ ಆಕ್ಸಿಟೋಸಿನ್‌ಗೆ ಸಮವಲ್ಲ. ಆದರೂ ಫ್ರಿಜ್ಜೂ ಸೂಜಿಯೂ ಇಲ್ಲದ ಊರಿಗೆ ಅದು ತಲುಪಿತು. ಔಷಧಿಯ ಬಲದಷ್ಟೇ ಅದು ತಲುಪುವ ಸ್ಥಿತಿಯೂ ಮುಖ್ಯ ಎಂಬುದನ್ನು ನಾನು ಅಲ್ಲಿ ಕಂಡೆ.

ಆಕ್ಸಿಟೋಸಿನ್‌ನಲ್ಲೇ ಅಂಥ ಬದಲಾವಣೆ ಮಾಡುವ ಪ್ರಯತ್ನ ಬಹಳ ಹಿಂದೆ ಶುರುವಾಗಿತ್ತು. ಡು ವಿನ್ಯೋ ಅವರ ಪ್ರಯೋಗಾಲಯ 1962ರಲ್ಲಿ ಮೊದಲ ಸಿಸ್ಟೀನಿನ ಅಮೈನೋ ಗುಂಪನ್ನು ತೆಗೆದುಹಾಕಿದ ಆಕ್ಸಿಟೋಸಿನ್ ಬಗ್ಗೆ ಬರೆಯಿತು. ಆ ಲೇಖನದ ಲೇಖಕರಲ್ಲಿ ವಿ.ವಿ.ಎಸ್. ಮೂರ್ತಿ ಎಂಬ ಹೆಸರೂ ಇದೆ. ಅಮೈನೋ ಗುಂಪು ಇಲ್ಲದಿದ್ದರೆ ಗರ್ಭಕೋಶದ ಮೇಲಿನ ಪರಿಣಾಮ ಹೋಗಬಹುದು ಎಂದು ಭಾವಿಸುವುದು ಸಹಜ. ಆದರೆ ಹೊಸ ಅಣು ಮೊದಲಿನದಕ್ಕಿಂತ ಪ್ರಬಲವಾಗಿತ್ತು. ಹಾರ್ಮೋನಿನ ಆಜ್ಞೆಯನ್ನು ಹಿಡಿದುಕೊಳ್ಳುವ ಗರ್ಭಕೋಶದ ಗ್ರಾಹಿಗೆ ಆ ಗುಂಪು ಬೇಕಾಗಿರಲಿಲ್ಲ, ಅದು ಬೇಕಾಗಿದ್ದುದು ಕತ್ತರಿಸುವ ಕಿಣ್ವಕ್ಕೆ. ಪೆಪ್ಟೈಡ್ ಔಷಧಿಗಳ ಮುಂದಿನ ಚರಿತ್ರೆಯಲ್ಲಿ ಈ ಪಾಠ ಮತ್ತೆ ಮತ್ತೆ ಕಾಣುತ್ತದೆ: ಗ್ರಾಹಿ ಗಮನಿಸದ, ಕಿಣ್ವ ಮಾತ್ರ ಗಮನಿಸುವ ಜಾಗವನ್ನು ಹುಡುಕಿ ಬದಲಿಸಬೇಕು.

ಈ ಕೆಲಸದಲ್ಲಿ ಪ್ರಾಗ್ ನಗರದ ರಸಾಯನಶಾಸ್ತ್ರಜ್ಞರು ಬಹಳ ಮುಂದೆ ಹೋದರು. 1967ರಲ್ಲಿ ಅಲ್ಲಿ ವ್ಯಾಸೋಪ್ರೆಸಿನ್‌ನ ಅಮೈನೋ ಗುಂಪನ್ನು ತೆಗೆದು, ಎಂಟನೆಯ ಜಾಗದ ಆರ್ಜಿನೀನನ್ನು ಅದರ ಕನ್ನಡಿ ಬಿಂಬದ ರೂಪದಿಂದ ಬದಲಿಸಿ ಡೆಸ್ಮೊಪ್ರೆಸಿನ್ ಮಾಡಿದರು. ನಿಮಿಷಗಳಲ್ಲಿ ಅಳೆಯಬೇಕಾಗಿದ್ದ ಆಯಸ್ಸು ಗಂಟೆಗಳಿಗೆ ಏರಿತು. ಲೆಕ್ಕವಿಲ್ಲದಷ್ಟು ಮೂತ್ರ ಹೋಗುವ ಡಯಾಬಿಟೀಸ್ ಇನ್ಸಿಪಿಡಸ್‌ನ ಎಷ್ಟೋ ರೋಗಿಗಳಿಗೆ ಇಂದು ಆಸರೆ ಆ ಔಷಧಿಯೇ. 1970ರ ದಶಕದಲ್ಲಿ ಅದೇ ಪ್ರಾಗ್‌ನಿಂದ ಕಾರ್ಬೆಟೋಸಿನ್ ಬಂತು.

ಕಾರ್ಬೆಟೋಸಿನ್‌ನಲ್ಲಿ ಮೂರು ಬದಲಾವಣೆಗಳಿವೆ. ಒಂದು, ಮೊದಲ ಜಾಗದ ಅಮೈನೋ ಗುಂಪು ಇಲ್ಲ. ಹೀಗಾಗಿ ಆ ತುದಿಯಿಂದ ಕತ್ತರಿಸುವ ಕಿಣ್ವಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಎರಡು, ಉಂಗುರವನ್ನು ಕೂಡಿಸಿದ್ದ ಎರಡು ಗಂಧಕಗಳಲ್ಲಿ ಒಂದರ ಜಾಗದಲ್ಲಿ ಇಂಗಾಲವಿದೆ. ಗಂಧಕ-ಗಂಧಕದ ಬಂಧವನ್ನು ದೇಹ ಸುಲಭವಾಗಿ ಬಿಚ್ಚುತ್ತದೆ, ಬಿಸಿಯೂ ಬಿಚ್ಚುತ್ತದೆ. ಗಂಧಕ-ಇಂಗಾಲದ ಬಂಧ ಹಾಗೆ ಬಿಚ್ಚುವುದಿಲ್ಲ. ಮೂರು, ಎರಡನೆಯ ಜಾಗದ ಟೈರೊಸೀನ್ ಮೇಲೆ ಒಂದು ಮೀಥೈಲ್ ಗುಂಪು ಕೂತಿದೆ, ಅದೂ ಕಿಣ್ವಗಳಿಗೆ ಅಡ್ಡಿ. ಗ್ರಾಹಿಯ ಮೇಲೆ ಇದರ ಹಿಡಿತ ಆಕ್ಸಿಟೋಸಿನ್‌ಗಿಂತ ಬಲವಾದದ್ದೇನಲ್ಲ. ಇದರ ಗೆಲುವೆಲ್ಲ ಉಳಿಯುವುದರಲ್ಲಿದೆ. 1997ರಲ್ಲಿ ಕೆನಡಾ ಇದಕ್ಕೆ ಅನುಮತಿ ಕೊಟ್ಟಿತು. ಬಹಳ ಕಾಲ ಇದು ಶ್ರೀಮಂತ ದೇಶಗಳ ಸಿಜೇರಿಯನ್ ಕೋಣೆಗಳಲ್ಲೇ ಉಳಿಯಿತು. ಆಗಿನ ರೂಪಕ್ಕೂ ಫ್ರಿಜ್ ಬೇಕಿತ್ತು, ಬೆಲೆಯೂ ಹೆಚ್ಚಿತ್ತು. ದ್ರಾವಣವನ್ನು ತಯಾರಿಸುವ ಕ್ರಮ ಬದಲಿಸಿ, 30 ಡಿಗ್ರಿಯಲ್ಲಿ ಮೂರು ವರ್ಷ ಕೆಡದಂತೆ ಮಾಡಿದ ಮೇಲೆ ಅದು ನಮ್ಮಂಥ ಬಿಸಿಲಿನ ನಾಡುಗಳಿಗೆ ಅರ್ಥಪೂರ್ಣವಾಯಿತು.

ವಿಶ್ವ ಆರೋಗ್ಯ ಸಂಸ್ಥೆ 10 ದೇಶಗಳ 23 ಆಸ್ಪತ್ರೆಗಳಲ್ಲಿ ಸುಮಾರು 30,000 ಹೆಂಗಸರ ಮೇಲೆ ಈ ಬಿಸಿ ತಾಳುವ ಕಾರ್ಬೆಟೋಸಿನ್ ಅನ್ನು ಆಕ್ಸಿಟೋಸಿನ್ ಜೊತೆ ಹೋಲಿಸಿ ನೋಡಿತು. ಭಾರತವೂ ಅದರಲ್ಲಿತ್ತು. 2018ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಆ ವರದಿಯ ಲೇಖಕರಲ್ಲಿ ಬೆಳಗಾವಿ, ಬಾಗಲಕೋಟೆಯ ವೈದ್ಯರಿದ್ದಾರೆ. ಅರ್ಧ ಲೀಟರ್ ರಕ್ತ ಹೋದ ಅಥವಾ ಇನ್ನೊಂದು ಔಷಧಿ ಬೇಕಾದ ಹೆಂಗಸರು ಎರಡೂ ಗುಂಪಿನಲ್ಲಿ ಶೇ. 14.5ರ ಆಸುಪಾಸು. ಒಂದು ಲೀಟರ್ ಮೀರಿದ ಸ್ರಾವ ಎರಡರಲ್ಲೂ ಶೇ. 1.5ರ ಹತ್ತಿರ. ಆದರೆ ಅಂಥವರ ಸಂಖ್ಯೆ ಕಡಿಮೆ ಇದ್ದುದರಿಂದ ಕಾರ್ಬೆಟೋಸಿನ್ ಅಲ್ಲಿ ಹಿಂದೆ ಬಿದ್ದಿಲ್ಲವೆಂದು ಲೆಕ್ಕಶಾಸ್ತ್ರದ ಪ್ರಕಾರ ಸಾಧಿಸಲಾಗಲಿಲ್ಲ. 40 ನಿಮಿಷದ ಔಷಧಿ 5 ನಿಮಿಷದ ಔಷಧಿಯನ್ನು ಸೋಲಿಸಲಿಲ್ಲವಲ್ಲ ಎಂದು ಕೆಲವರಿಗೆ ನಿರಾಸೆಯಾಯಿತು. ಅವರು ಒಂದನ್ನು ಮರೆತರು. ಆ ಅಧ್ಯಯನದಲ್ಲಿ ಬಳಸಿದ ಆಕ್ಸಿಟೋಸಿನ್ ಕಾರ್ಖಾನೆಯಿಂದ ಮಂಚದವರೆಗೆ ತಣ್ಣಗಿಟ್ಟದ್ದು, ಕೊಟ್ಟವರು ತರಬೇತಿ ಪಡೆದವರು, ಪಕ್ಕದಲ್ಲಿ ನಿಂತು ಅಳೆದವರು ಇದ್ದರು. ಬಿಸಿಲಿನಲ್ಲಿ ಬಸ್ಸು ಹತ್ತಿ ಹೋದ ಆಂಪ್ಯೂಲಿನೊಂದಿಗೆ ಹೋಲಿಕೆ ನಡೆಯಲಿಲ್ಲ. ಒಳ್ಳೆಯ ಆಕ್ಸಿಟೋಸಿನ್‌ಗೆ ಸಮ ಎನ್ನುವುದೇ, ಒಳ್ಳೆಯ ಆಕ್ಸಿಟೋಸಿನ್ ಸಿಗದ ಊರಿಗೆ ದೊಡ್ಡ ಸುದ್ದಿ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ರಕ್ತಸ್ರಾವ ತಡೆಗೆ ಇದನ್ನು ಶಿಫಾರಸು ಮಾಡಿತು, 2019ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಇಂದು ಹೆರಿಗೆ ಕೋಣೆಗಳು ಬೇರೆಯಾಗಿವೆ. ಕರ್ನಾಟಕದಲ್ಲಿ 2001-03ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು, 2018-20ರಲ್ಲಿ 69. ಇದರ ಶ್ರೇಯಸ್ಸನ್ನು ಯಾವುದೇ ಒಂದು ಅಣುವಿಗೆ ಕೊಡುವಂತಿಲ್ಲ. 2005ರ ಜನನಿ ಸುರಕ್ಷಾ ಯೋಜನೆಯಿಂದ ಹೆರಿಗೆಗಳು ಆಸ್ಪತ್ರೆಗೆ ಬಂದವು. 2008ರಿಂದ 108 ಆಂಬುಲೆನ್ಸ್ ಓಡಾಡತೊಡಗಿತು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋದರು. ಮಗು ಹುಟ್ಟಿದ ಒಂದು ನಿಮಿಷದೊಳಗೆ 10 ಯೂನಿಟ್ ಆಕ್ಸಿಟೋಸಿನ್ ಎಂಬುದು ಎಲ್ಲ ಕಡೆಯ ನಿಯಮವಾಯಿತು. ರಕ್ತಸ್ರಾವದಿಂದ ಹೆಚ್ಚಿನ ಬಾಣಂತಿಯರನ್ನು ಉಳಿಸಿದ್ದು ಹಳೆಯ, ಅಗ್ಗದ, ಬೇಗ ಕರಗುವ ಔಷಧಿಯೇ. ಅದನ್ನು ಸರಿಯಾದ ಹೊತ್ತಿಗೆ, ಸರಿಯಾಗಿ ಕಾಪಾಡಿ ಕೊಟ್ಟದ್ದೇ ವ್ಯತ್ಯಾಸ ಮಾಡಿತು.

ಕಾರ್ಬೆಟೋಸಿನ್ ನಮ್ಮಲ್ಲೂ ಸಿಗುತ್ತದೆ. ಸಿಜೇರಿಯನ್ ಆದ ಮೇಲೆ ಒಂದು ಡೋಸು ಕೊಟ್ಟು, ಡ್ರಿಪ್ಪಿನ ಚಿಂತೆಯಿಲ್ಲದೆ ಬಾಣಂತಿಯನ್ನು ವಾರ್ಡಿಗೆ ಕಳಿಸುವುದನ್ನು ನಾನು ನೋಡಿದ್ದೇನೆ. ಕಿರಿಯ ವೈದ್ಯರೊಬ್ಬರು ನನ್ನನ್ನು ಕೇಳಿದರು: ಇಷ್ಟು ಒಳ್ಳೆಯದಿದ್ದರೆ ನೋವು ಬರಿಸಲೂ ಇದನ್ನೇ ಏಕೆ ಕೊಡಬಾರದು? ಮಗು ಒಳಗಿರುವವರೆಗೆ ಕಾರ್ಬೆಟೋಸಿನ್ ಕೊಡುವಂತೆಯೇ ಇಲ್ಲ. ಅದನ್ನು ಹಿಂತೆಗೆಯಲಾಗದು. ಗರ್ಭಕೋಶ ಎರಡು ಗಂಟೆ ಬಿಗಿಯಾಗಿ ಉಳಿದರೆ ಹೆತ್ತ ತಾಯಿ ಉಳಿಯುತ್ತಾಳೆ, ಹೆರದ ತಾಯಿ ಮಗುವನ್ನೂ ಗರ್ಭಕೋಶವನ್ನೂ ಕಳೆದುಕೊಳ್ಳುತ್ತಾಳೆ. ನೋವಿನ ಸೂಜಿಯ ಹಳ್ಳಿಗಳನ್ನು ಕಂಡ ನಮಗೆ ಇದನ್ನು ಹೊಸದಾಗಿ ಕಲಿಯಬೇಕಾಗಿರಲಿಲ್ಲ. ಇನ್ನೂ ಪದವಿಯಿಲ್ಲದವರ ಕೈಗೆ ಆಂಪ್ಯೂಲು ಸಿಗುವ ಊರುಗಳಿವೆ. ಆಕ್ಸಿಟೋಸಿನ್ ಜಾಗದಲ್ಲಿ ಕಾರ್ಬೆಟೋಸಿನ್ ಅವರ ಕೈ ಸೇರಿದರೆ ಹಾನಿ ಇನ್ನೂ ಹೆಚ್ಚು. ದೀರ್ಘಾಯಸ್ಸಿನ ಔಷಧಿ ಯಾರ ಕೈಯಲ್ಲಿರಬೇಕು ಎಂಬುದನ್ನು ಇನ್ನಷ್ಟು ಬಿಗಿಯಾಗಿ ನೋಡಿಕೊಳ್ಳಬೇಕು.

ಈ ಕಾಲದಲ್ಲಿ ಪೆಪ್ಟೈಡ್ ಔಷಧಿಗಳ ಆಯಸ್ಸು ಹೆಚ್ಚಿಸುವ ಓಟ ಬಹಳ ಜೋರಾಗಿದೆ. ದಿನಕ್ಕೊಮ್ಮೆ ಇದ್ದದ್ದು ವಾರಕ್ಕೊಮ್ಮೆ ಆಗಿದೆ. ಸಕ್ಕರೆ ಕಾಯಿಲೆಗೆ, ತೂಕ ಇಳಿಸಲು ಬಳಸುವ ಸೆಮಾಗ್ಲುಟೈಡ್‌ನಲ್ಲಿ ಕಿಣ್ವ ಕತ್ತರಿಸುವ ಜಾಗದ ಅಮೈನೋ ಆಮ್ಲವನ್ನು ಬದಲಿಸಿ, ರಕ್ತದ ಆಲ್ಬುಮಿನ್‌ಗೆ ಅಂಟಿಕೊಳ್ಳಲು 18 ಇಂಗಾಲಗಳ ಕೊಬ್ಬಿನ ಸರಪಣಿಯನ್ನು ಜೋಡಿಸಿದ್ದಾರೆ. ಇದಕ್ಕೆ ಮೂಲವಾದ ದೇಹದ ಹಾರ್ಮೋನಿನ ಅರ್ಧಾಯು ಸುಮಾರು ಎರಡು ನಿಮಿಷವಾದರೆ ಇದರದು ಸುಮಾರು ಒಂದು ವಾರ. ಜೀವನಪರ್ಯಂತದ ಕಾಯಿಲೆಗೆ ಅದು ಸರಿ. ಹೆರಿಗೆ ಕೋಣೆಯ ಅಳತೆ ಬೇರೆ. ಅಲ್ಲಿ ಮಗು ಹುಟ್ಟುವ ಕ್ಷಣದ ಹಿಂದೆ ಬೇಗ ಕರಗುವ ಔಷಧಿ ಬೇಕು, ಮುಂದೆ ನಿಧಾನ ಕರಗುವ ಔಷಧಿ ಬೇಕು. ಎರಡೂ ಒಂದೇ ಅಣುವಿನ ಎರಡು ರೂಪಗಳು, ಎರಡೂ ಒಂದೇ ಕಪಾಟಿನಲ್ಲಿರಬೇಕು.

ಬದಲಾಗದೆ ಉಳಿದದ್ದು ಸಿಸ್ಟರ್‌ಗಳ ಸಂಖ್ಯೆ. ಇಂದಿಗೂ ಒಬ್ಬರೇ ರಾತ್ರಿ ಪಾಳಿ ನೋಡುವ ಆಸ್ಪತ್ರೆಗಳಿವೆ. ಹೊಸ ಔಷಧಿಯ ಬಗ್ಗೆ ಮಾತಾಡುವಾಗ ಆಡಳಿತದವರ ಬಾಯಲ್ಲಿ ಒಂದು ಮಾತು ಕೇಳಿದ್ದೇನೆ: ಡ್ರಿಪ್ ನೋಡಿಕೊಳ್ಳುವ ಕೆಲಸ ತಪ್ಪಿತಲ್ಲ, ಇದ್ದವರಲ್ಲೇ ನಡೆಯುತ್ತದೆ. ಇದು ಅಪಾಯದ ಮಾತು. ಕಾರ್ಬೆಟೋಸಿನ್ ಸ್ನಾಯುವನ್ನು ಬಿಗಿಹಿಡಿಯುತ್ತದೆ, ಹರಿದ ಗರ್ಭಕಂಠವನ್ನು ಹೊಲಿಯುವುದಿಲ್ಲ, ಒಳಗುಳಿದ ಮಾಸಿನ ತುಂಡನ್ನು ತೆಗೆಯುವುದಿಲ್ಲ, ಹೆಪ್ಪುಗಟ್ಟದ ರಕ್ತವನ್ನು ಹೆಪ್ಪುಗಟ್ಟಿಸುವುದಿಲ್ಲ. ಅವನ್ನು ಕಾಣಲು ಮನುಷ್ಯರು ಬೇಕು. ಆಫ್ರಿಕಾದ ನಾಲ್ಕು ದೇಶಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ಅಳತೆಯ ಹೊದಿಕೆಯಿಂದ ರಕ್ತಸ್ರಾವವನ್ನು ಬೇಗ ಗುರುತಿಸಿ ಎಲ್ಲ ಚಿಕಿತ್ಸೆಯನ್ನು ಒಟ್ಟಿಗೆ ಶುರುಮಾಡಿದರೆ ತೀವ್ರ ಪರಿಣಾಮಗಳು ಶೇ. 60ರಷ್ಟು ಇಳಿಯುತ್ತವೆಂದು ತೋರಿಸಿತು. ಅದರಲ್ಲಿ ಹೊಸ ಅಣು ಯಾವುದೂ ಇರಲಿಲ್ಲ. ನೋಡುವ ಕಣ್ಣು, ಅಳೆಯುವ ಚೀಲ, ಕೂಡಲೇ ಕದಲುವ ಕೈ ಇದ್ದವು.

ಕರೆಂಟು ನೆಚ್ಚಲಾಗದ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಬಿಸಿ ತಾಳುವ ಕಾರ್ಬೆಟೋಸಿನ್ ಸರ್ಕಾರಿ ಖರೀದಿಯಲ್ಲೇ ಬರಬೇಕು. ನೋವು ಬರಿಸುವ ಆಕ್ಸಿಟೋಸಿನ್ ಡ್ರಿಪ್ಪು ಮಗುವಿನ ಎದೆಬಡಿತ ಕೇಳುವವರಿರುವ ಕಡೆ ಮಾತ್ರ ಓಡಬೇಕು. ಅಳತೆಯ ಹೊದಿಕೆ ಬೆಳಗಾವಿಯ ಅಧ್ಯಯನಕ್ಕೆಂದೇ ರೂಪುಗೊಂಡದ್ದು, ಕರ್ನಾಟಕದ ಪ್ರತಿ ಹೆರಿಗೆ ಮಂಚದ ಮೇಲೂ ಅದು ಇರಬೇಕು. ರಸಾಯನಶಾಸ್ತ್ರಜ್ಞರು ಮೂರು ಬದಲಾವಣೆಗಳಿಂದ ಗಳಿಸಿಕೊಟ್ಟ ಹೊತ್ತು ಬಾಣಂತಿಯ ಸೊತ್ತು. ಆ ಹೊತ್ತನ್ನು ಆಕೆಯ ಆರೈಕೆಗೇ ಬಳಸಬೇಕು, ಖಾಲಿ ಹುದ್ದೆಗಳನ್ನು ಖಾಲಿಯಾಗಿಯೇ ಇಡಲು ಅದು ನೆಪವಾಗಬಾರದು.